ಗರ್ಭಭಾರವೂ ಕಾಯಕವೇ?

ಮೈಮುರಿದು ದುಡಿಯುವ ಶ್ರಮಕ್ಕೆ ಕಾಯಕವೆಂಬ ಘನತೆಯನ್ನು ಹನ್ನೆರಡನೆಯ ಶತಮಾನದ ಶರಣರು ಇತ್ತರು. ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ ಇವರೆಲ್ಲರೂ ತಮ್ಮ ದುಡಿಮೆಯಿಂದಲೇ ಹೆಸರಾದವರು. ಹಾಗಾದರೆ ಅನ್ಯರ ಶಿಶುವನ್ನು ವೇತನಕ್ಕಾಗಿ ತನ್ನ ಉದರದಲ್ಲಿ ಹೊತ್ತು ಹೆತ್ತುಕೊಡುವ ಸ್ತ್ರೀಯ ಶ್ರಮವು ಕಾಯಕವೆನಿಸುವುದೋ ಇಲ್ಲವೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಇದು ಎಲ್ಲಿಯೋ ದೂರದೇಶದ ಮಾತಲ್ಲ. ನಮ್ಮ ಹಾಗಲವಾಡಿಯಿಂದ ಬೆಂಗಳೂರು ಒಂದು ಹಗಲಿನ ದಾರಿಯೂ ಅಲ್ಲ. ಅಲ್ಲಿಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿದ ಅನೇಕ ಸ್ತ್ರೀಯರು ಬಾಡಿಗೆ ತಾಯಂದಿರಾದುದನ್ನು ಸಮಾಜಶಾಸ್ತ್ರಜ್ಞೆ ಶರ್ಮಿಳಾ ರುದ್ರಪ್ಪನವರು 2015ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಹೊಲಿಗೆಯ ಯಂತ್ರದ ಮುಂದಿನ ದುಡಿಮೆಗಿಂತ ಇದೇ ಸಾರ್ಥಕವೆಂದು ಅವರಲ್ಲಿ ಕೆಲವರು ಭಾವಿಸಿದ್ದರೆಂಬುದು ಗಮನಾರ್ಹ.

ಹಣಕ್ಕಾಗಿ ತಾಯ್ತನವೇ ಎಂದು ಹಳಿಯುವುದು ಸುಲಭ. ಆದರೆ ಸೂಳೆ ಸಂಕವ್ವೆಗೂ ಶರಣೆಯರ ಸಾಲಿನಲ್ಲಿ ಸ್ಥಾನವಿತ್ತ ಪರಂಪರೆ ನಮ್ಮದು. ಬಡವಿಯನ್ನು ಹಳಿಯುವ ಅಧಿಕಾರ ನಮಗಿಲ್ಲ. ದೋಷವನ್ನರಸುವುದಾದರೆ ವ್ಯವಹಾರದಲ್ಲಿ ಅರಸಬೇಕು. ಕಮ್ಮಾರನು ಸಂಜೆಗೆ ಸುತ್ತಿಗೆಯನ್ನು ಕೆಳಗಿಡುತ್ತಾನೆ. ನೇಕಾರನು ಮಗ್ಗದಿಂದ ಮೇಲೇಳುತ್ತಾನೆ. ಗರ್ಭವನ್ನು ಹೊತ್ತವಳಿಗೆ ಹಗಲಿರುಳು ಬಿಡುವಿಲ್ಲ. ಉಪಕರಣವೂ ಅವಳ ದೇಹವೇ, ಅಪಾಯವೂ ಅವಳ ಪ್ರಾಣಕ್ಕೇ. ಕೆಲವರ ಒಪ್ಪಿಗೆ ಮನಃಪೂರ್ವಕವಾದುದಿರಬಹುದು. ಆದರೆ ಸಾಲಕ್ಕಂಜಿ ಕೊಟ್ಟ ಒಪ್ಪಿಗೆಯು ಒಪ್ಪಿಗೆಯೆನಿಸುವುದೇ? ಸ್ವೇಚ್ಛೆಯಿಲ್ಲದ ದುಡಿಮೆಯು ದುಡಿಮೆಯಾದೀತು, ಕಾಯಕವಾಗದು.

2022ರ ಜನವರಿ 25ರಂದು ಜಾರಿಗೆ ಬಂದ, 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯಿದೆಯು ಈ ವೇತನವನ್ನು ನಿಷೇಧಿಸಿತು. ವೈದ್ಯಕೀಯ ವೆಚ್ಚ, 36 ತಿಂಗಳ ವಿಮೆ ಮೊದಲಾದ ವಿಹಿತ ವೆಚ್ಚಗಳ ಹೊರತು ಅವಳು ಪ್ರತಿಫಲ ಪಡೆಯುವಂತಿಲ್ಲ. ಜೀವಮಾನದಲ್ಲಿ ಒಮ್ಮೆ ಮಾತ್ರ ಬಾಡಿಗೆ ತಾಯಿಯಾಗಬಹುದು. ವ್ಯಾಪಾರವನ್ನು ತಡೆದುದು ಯುಕ್ತವೇ. ಆದರೂ ವೈದ್ಯರಿಗೆ ಶುಲ್ಕವುಂಟು, ಆಸ್ಪತ್ರೆಗೆ ಆದಾಯವುಂಟು. ಹೊತ್ತವಳಿಗೆ ಮಾತ್ರ ತ್ಯಾಗದ ಬೋಧೆ! ದಾಸೋಹವೆಂಬುದು ತನ್ನ ದುಡಿಮೆಯ ಫಲವನ್ನು ತಾನಾಗಿ ಅರ್ಪಿಸುವುದು. ಪರರು ವಿಧಿಸಿದುದು ದಾಸೋಹವಲ್ಲ. ಮನೆಯ ಬಡ ನಾದಿನಿಯೊಬ್ಬಳು ಹಿರಿಯರ ಮಾತನ್ನು ಮೀರಲಾರದೆ ಒಪ್ಪಿದಳಾದರೆ, ಹಣವು ಮಾಡುತ್ತಿದ್ದ ಕೆಲಸವನ್ನು ಬಂಧುತ್ವವು ಮಾಡಿದಂತಾಯಿತು.

ಆದುದರಿಂದ ಗರ್ಭಭಾರವನ್ನು ಸರಕೆಂದು ಕೊಳ್ಳುವುದೂ ಸಲ್ಲದು, ಪುಣ್ಯವೆಂದು ಹೆಸರಿಟ್ಟು ಅದರ ಶ್ರಮವನ್ನು ಮರೆಸುವುದೂ ಸಲ್ಲದು. ಸಂತಾನಾಪೇಕ್ಷೆಯಿಂದ ಈ ಮಾರ್ಗವನ್ನು ಹಿಡಿಯುವ ಸದ್ಭಕ್ತರಾದ ಗೃಹಸ್ಥರು, ತಮ್ಮ ಮಗಳೇ ಆ ಸ್ಥಾನದಲ್ಲಿದ್ದರೆ ಏನನ್ನು ಬಯಸುತ್ತಿದ್ದೆವೆಂದು ಮೊದಲು ತಮ್ಮನ್ನು ತಾವೇ ಕೇಳಿಕೊಳ್ಳಲಿ.