ಗುಣವಾಗುವುದೆಂದರೇನು?

ಮನುಷ್ಯನ ಸ್ವಭಾವಕ್ಕೂ ನಾವು ಗುಣವೆನ್ನುತ್ತೇವೆ. ರೋಗವು ವಾಸಿಯಾದರೂ ಗುಣವಾಯಿತೆನ್ನುತ್ತೇವೆ. ಈ ಎರಡು ಅರ್ಥಗಳನ್ನೂ ಒಂದರೊಡನೊಂದು ತೊಡಕಿಸುವ ವ್ಯಾಧಿಯೊಂದುಂಟು. ಅದು ಪಿಟ್ಯುಯಿಟರಿ ಗ್ರಂಥಿಯ ಗಡ್ಡೆ. ಇದು ಕೇವಲ ವೈದ್ಯರ ವಿಷಯವೆಂದು ವಾಚಕರು ಪುಟವನ್ನು ಮಗುಚಬಾರದು. ಇದರಲ್ಲಿ ಧರ್ಮವಿಚಾರವೂ ಸಾಕಷ್ಟಿದೆ.

ಈ ಗ್ರಂಥಿಯು ಮಿದುಳಿನ ತಳದಲ್ಲಿ, ಮೂಗಿನ ಹಿಂದಿನ ಎಲುಬಿನ ಗುಳಿಯೊಂದರಲ್ಲಿ ಕುಳಿತಿದೆ. ಗಾತ್ರದಲ್ಲಿ ಕಡಲೆಕಾಳು, ತೂಕದಲ್ಲಿ ಸುಮಾರು ಅರ್ಧ ಗ್ರಾಂ. ಆದರೂ ದೇಹದ ಎಷ್ಟೋ ಗ್ರಂಥಿಗಳು ಇದರ ಆಜ್ಞೆಯಲ್ಲಿವೆ. ಇಲ್ಲಿ ಹುಟ್ಟುವ ಗಡ್ಡೆಗಳು ಬಹುಮಟ್ಟಿಗೆ ಕ್ಯಾನ್ಸರ್ ಅಲ್ಲ. ಅಮೇರಿಕೆಯ ಶಸ್ತ್ರವೈದ್ಯನಾದ ಹಾರ್ವೆ ಕುಶಿಂಗನು 1912ರ ತನ್ನ ಗ್ರಂಥದಲ್ಲಿ 23 ವರ್ಷದ ಯುವತಿಯೊಬ್ಬಳ ವಿಕಾರವನ್ನು ವರ್ಣಿಸಿ, ಅಂಥ ವಿಕಾರಗಳಿಗೆ ಈ ಗ್ರಂಥಿಯ ಸಣ್ಣ ಗಡ್ಡೆಯೇ ಮೂಲವೆಂದು 1932ರಲ್ಲಿ ಪ್ರತಿಪಾದಿಸಿದನು. ಗಡ್ಡೆಯ ಪ್ರೇರಣೆಯಿಂದ ಕಾರ್ಟಿಸಾಲ್ ಎಂಬ ಸ್ರಾವವು ಮಿತಿಮೀರಿ ಮುಖವು ದುಂಡಗೆ ಊದುತ್ತದೆ, ತೊಡೆಗಳು ಬಲಗುಂದುತ್ತವೆ, ನಿದ್ರೆ ಕೆಡುತ್ತದೆ. ಶಾಂತಳಾಗಿದ್ದವಳು ಸಿಡುಕುತ್ತಾಳೆ, ನಿಷ್ಕಾರಣವಾಗಿ ಅಳುತ್ತಾಳೆ. ಮನೆಯವರ ಕಣ್ಣಿಗೆ ಮೊದಲು ಬೀಳುವುದು ಈ ಸಿಡುಕೇ.

ಹಾಗಾದರೆ ಆ ಸಿಡುಕು ಯಾರದು? ಗಡ್ಡೆಯದೆಂದು ಹೇಳಿ ರೋಗಿಯನ್ನು ಬಿಡುಗಡೆ ಮಾಡುವುದು ದಯೆಯಂತೆ ತೋರುತ್ತದೆ. ಆದರೆ ಅವಳ ಕೋಪವೆಲ್ಲ ಸ್ರಾವವಾದರೆ ಅವಳ ವಾತ್ಸಲ್ಯವೂ ಸ್ರಾವವೇ ಆಗಬೇಕಷ್ಟೆ! ಇದನ್ನು ಯಾವ ತಾಯಿಯೂ ಒಪ್ಪಲಾರಳು. ಈ ಸಂಕಟವು ಔಷಧದಲ್ಲಿಯೂ ಉಂಟು. ಪ್ರೋಲ್ಯಾಕ್ಟಿನ್ ಸ್ರಾವದ ಗಡ್ಡೆಗಳು ಪ್ರಾಯಶಃ ಶಸ್ತ್ರವಿಲ್ಲದೆ ಕ್ಯಾಬರ್ಗೋಲಿನ್ ಎಂಬ ಮಾತ್ರೆಯಿಂದಲೇ ಕುಗ್ಗುತ್ತವೆ. ಆದರೆ ಅದನ್ನು ಸೇವಿಸುವವರಲ್ಲಿ ಕೆಲವರಿಗೆ ಜೂಜಿನ ಹುಚ್ಚೋ ದುಂದುಗಾರಿಕೆಯೋ ಹತ್ತಿಕೊಳ್ಳುವುದನ್ನು ವೈದ್ಯರು ಕಂಡಿದ್ದಾರೆ. ಎಂದೂ ಇಸ್ಪೀಟು ಮುಟ್ಟದವನು ಹೆಂಡತಿಯ ಒಡವೆಯನ್ನು ಪಣವಿಟ್ಟರೆ ಪಾಪವು ಯಾರಿಗೆ?

ನಮ್ಮ ಧರ್ಮಶಾಸ್ತ್ರಕಾರರು ತಿಳಿದು ಮಾಡಿದ ದೋಷವನ್ನೂ ತಿಳಿಯದೆ ಮಾಡಿದ್ದನ್ನೂ ಬೇರೆ ಬೇರೆಯಾಗಿ ತೂಗಿದರು. ಆದರೆ ತಿಳಿಯದೆ ಮಾಡಿದ್ದಕ್ಕೂ ಹಗುರವಾದ ಪ್ರಾಯಶ್ಚಿತ್ತವನ್ನು ವಿಧಿಸಿದರು. ಅದು ಯುಕ್ತವೆಂದೇ ನನ್ನ ಮತ. ಒಡವೆಯನ್ನು ಬಿಡಿಸಿಕೊಡುವ ಹೊಣೆ ಅವನದು. ದುಷ್ಟನೆಂಬ ಹೆಸರು ಅವನದಲ್ಲ. ಮುಂಚೆಯೇ ಎಚ್ಚರಿಸದೆ ಮಾತ್ರೆ ಬರೆದುಕೊಟ್ಟವನ ಪಾಲು ಇಲ್ಲಿ ಸ್ವಲ್ಪವಲ್ಲ.

ಇನ್ನು ಶಸ್ತ್ರದ ವಿಚಾರ. ಮೂಗಿನ ದಾರಿಯಿಂದ ಗಡ್ಡೆಯನ್ನು ತೆಗೆಯುವ ಕ್ರಮವನ್ನು 1907ರಲ್ಲಿ ಇನ್ಸ್‌ಬ್ರುಕ್ಕಿನಲ್ಲಿ ಶ್ಲೋಫರನು ಆರಂಭಿಸಿದನು. ಇಂದು ಅದೇ ರಾಜಮಾರ್ಗ. ಕುಶಿಂಗನ ವ್ಯಾಧಿಯಲ್ಲಿ ಗಡ್ಡೆಯು ಹೋದಮೇಲೆ ರಕ್ತಪರೀಕ್ಷೆಯು ಶುಭವನ್ನು ಹೇಳುತ್ತದೆ, ರೋಗಿಯೋ ಹಾಸಿಗೆಯಿಂದ ಏಳಲಾರಳು. ಅತಿಸ್ರಾವದ ಕಾಲದಲ್ಲಿ ಗ್ರಂಥಿಯ ಆರೋಗ್ಯವಾದ ಭಾಗವು ತನ್ನ ಕೆಲಸವನ್ನೇ ನಿಲ್ಲಿಸಿರುತ್ತದೆ. ಅದು ಮರಳಿ ಎಚ್ಚರಗೊಳ್ಳಲು ತಿಂಗಳುಗಳು, ಒಮ್ಮೊಮ್ಮೆ ವರ್ಷಕ್ಕೂ ಮೇಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಹೈಡ್ರೋಕಾರ್ಟಿಸೋನ್ ಮಾತ್ರೆ, ಕೀಲುನೋವು, ಮಂಕು. "ಗಡ್ಡೆ ತೆಗೆದದ್ದಾಯಿತಲ್ಲ, ಇನ್ನೇನು ನಿನಗೆ?" ಎಂಬ ಅತ್ತೆಯ ಮಾತು ಬರುವುದು ಸರಿಯಾಗಿ ಈ ಕಾಲದಲ್ಲಿಯೇ. ವರ್ಷಗಳು ಕಳೆದರೂ ಕೆಲವರಿಗೆ ಆಯಾಸವೂ ಮರೆವೂ ಪೂರ್ಣವಾಗಿ ಬಿಡುವುದಿಲ್ಲ. ಗಡ್ಡೆಯು ಮರುಕಳಿಸುವುದೂ ಉಂಟು.

ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಾಮ್ಯದಲ್ಲಿಯೇ ನಿಲ್ಲಲಿಲ್ಲ; ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿದನು. ಮೊದಲಿನವನ್ನು ವೈದ್ಯನು ಅಳೆಯಬಲ್ಲನು. ಪ್ರಸನ್ನತೆಗೆ ರೋಗಿಯೊಬ್ಬಳೇ ಸಾಕ್ಷಿ, ಆ ಸಾಕ್ಷಿಯನ್ನು ಕೇಳದೆ ಗುಣವಾಯಿತೆಂದು ತೀರ್ಪು ಕೊಡುವುದು ನ್ಯಾಯವಲ್ಲ.

ಮಾತ್ರೆಯನ್ನು ಅವಲಂಬಿಸಿರುವವಳಿಗೆ ಜ್ವರ ಬಂದರೆ ವೈದ್ಯರು ಹೇಳಿಕೊಟ್ಟಂತೆ ಪ್ರಮಾಣವನ್ನು ಹೆಚ್ಚಿಸಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್ ಕೊಡಿಸಬೇಕು, ಇಲ್ಲವಾದರೆ ಪ್ರಾಣಕ್ಕೇ ಅಪಾಯ. ಆ ಹೊತ್ತಿನಲ್ಲಿ ಅವಳಿಗೆ ಮಾತಾಡುವ ಶಕ್ತಿ ಇರಲಾರದು. ಆದುದರಿಂದ ಇದನ್ನು ಅತ್ತೆಯೂ ಗಂಡನೂ ಬಾಯಿಪಾಠ ಮಾಡಿಟ್ಟುಕೊಳ್ಳತಕ್ಕದ್ದು.