ಕಂಡವರು ಯಾರು?

ಬುಕ್ಕಾಂಬುಧಿಯ ಕೆರೆಯೇರಿಯ ಮೇಲೆ ಕ್ಯಾಮರಾ ಹಿಡಿದು ನಿಂತವನಿಗೆ ಬೆಳ್ಳಕ್ಕಿ ಅಷ್ಟೇನೂ ಕಷ್ಟದ ಗುರಿಯಲ್ಲ. ಅದು ರೆಕ್ಕೆ ಬಡಿಯುವುದೇ ನಿಧಾನ. ಕಡೂರು ಸೀಮೆಯ ಬಾಸೂರು ಅಮೃತಮಹಲ್ ಕಾವಲಿಗೆ ಹೋದರೆ ಮಾತೇ ಬೇರೆ. 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಆ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಗಂಟೆಗೆ 80 ಕಿಲೋಮೀಟರು ಓಡಬಲ್ಲ ಪ್ರಾಣಿ. ಸೆಕೆಂಡಿಗೆ 22 ಮೀಟರಾಯಿತು. ಇಂಥದನ್ನು ಹಿಡಿಯಲು ಗಾಜಿನ ವ್ಯೂಫೈಂಡರ್ ಮೇಲೋ, ಎಲೆಕ್ಟ್ರಾನಿಕ್ ವ್ಯೂಫೈಂಡರ್ ಮೇಲೋ ಎಂಬುದು ಹವ್ಯಾಸಿಗಳ ಮುಗಿಯದ ಜಗಳ. ನನಗೇನೋ ಆ ಜಗಳದ ಅಡಿಯಲ್ಲಿ ಬೇರೊಂದು ಪ್ರಶ್ನೆ ಅವಿತಿರುವಂತೆ ತೋರುತ್ತದೆ.

ಹಳೆಯ ಬಗೆಯ ಕ್ಯಾಮರಾದಲ್ಲಿ ಮೃಗದ ಮೈಯಿಂದ ಹೊರಟ ಬೆಳಕೇ ಕನ್ನಡಿಗೆ ತಾಗಿ ಕಣ್ಣಿಗೆ ಬರುತ್ತದೆ. ಆದರೆ ಚಿತ್ರ ಮೂಡಬೇಕಾದರೆ ಆ ಕನ್ನಡಿ ಮೇಲಕ್ಕೇಳಬೇಕು; ಎದ್ದಷ್ಟು ಹೊತ್ತೂ ಕಿಂಡಿಯೊಳಗೆ ಕತ್ತಲೆ. ಎಂದರೆ, ಚಿತ್ರಕಾರ ಕಂಡ ನೆಗೆತ ಚಿತ್ರದಲ್ಲಿಲ್ಲ. ಚಿತ್ರದಲ್ಲಿರುವ ನೆಗೆತವನ್ನು ಅವನು ಕಂಡಿಲ್ಲ! ಹೊಸ ಬಗೆಯದರಲ್ಲಿ ಕನ್ನಡಿಯೇ ಇಲ್ಲ. ಪುಟ್ಟದೊಂದು ಪರದೆಯ ಮೇಲೆ ಸೆಕೆಂಡಿಗೆ 60 ಸಲ, 120 ಸಲ ಹೊಸ ಚಿತ್ರ ಮೂಡುತ್ತದೆ. 2017ರಲ್ಲಿ ಬಂದ ಸೋನಿ ಆಲ್ಫಾ 9 ಸೆಕೆಂಡಿಗೆ 20 ಚಿತ್ರ ತೆಗೆಯುವಾಗಲೂ ಕಿಂಡಿ ಕಪ್ಪಾಗದು. ಆದರೆ ಪರದೆಯದು ಯಾವಾಗಲೂ ತುಸು ಹಿಂದಿನ ಸುದ್ದಿ. ಸೆಕೆಂಡಿನ ನೂರರಲ್ಲೊಂದು ಭಾಗ ತಡವಾದರೂ ಸಾಕು, ನಿಜದ ಮೃಗ ಪರದೆಯ ಮೃಗಕ್ಕಿಂತ ಒಂದು ಗೇಣು ಮುಂದಿರುತ್ತದೆ.

ಇಷ್ಟಕ್ಕೇ ನಿಂತಿಲ್ಲ. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಚಿತ್ರಗಳನ್ನು ತೆಗೆಯುತ್ತ, ಹಳೆಯವನ್ನು ಬಿಸುಡುತ್ತ ಇದ್ದು, ಪೂರ್ತಿ ಒತ್ತಿದಾಗ ಅದಕ್ಕೆ ಮುಂಚಿನ ಕ್ಷಣಗಳನ್ನೂ ಉಳಿಸಿಕೊಡುವ ಉಪಾಯವನ್ನು 2016ರ ಒಲಿಂಪಸ್ ಕ್ಯಾಮರಾ ತಂದಿತು. ಕಣ್ಣು ಕಂಡು ಬೆರಳು ಒತ್ತುವುದಕ್ಕೆ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕಷ್ಟೆ. ಅಷ್ಟರಲ್ಲಿ ಮೃಗ ನಾಲ್ಕು ಮೀಟರು ದಾಟಿರುತ್ತದೆ. ಆ ನಷ್ಟ ಈಗ ತಪ್ಪಿತು. ಆದರೆ ತೆಗೆಯಬೇಕೆಂಬ ಸಂಕಲ್ಪಕ್ಕಿಂತ ಮೊದಲೇ ಮೂಡಿದ ಚಿತ್ರವನ್ನು ‘ನಾನು ತೆಗೆದೆ’ ಎನ್ನಬಹುದೆ?

ಎನ್ನಬಹುದೆಂದೇ ನನ್ನ ಮತ. 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಮೈಬ್ರಿಜ್ ಓಡುವ ಕುದುರೆಯ ಚಿತ್ರ ತೆಗೆದಾಗ ಯಾವ ಕಿಂಡಿಯಲ್ಲೂ ಇಣುಕಿರಲಿಲ್ಲ. ಹಾದಿಗಡ್ಡ ಕಟ್ಟಿದ ದಾರಗಳನ್ನು ಕುದುರೆಯೇ ಹರಿದು, ಸಾಲಾಗಿಟ್ಟ 12 ಕ್ಯಾಮರಾಗಳನ್ನು ಚಾಲೂ ಮಾಡಿತು. ನಾಲ್ಕು ಕಾಲೂ ನೆಲ ಬಿಡುವ ಕ್ಷಣವುಂಟೆಂದು ಲೋಕ ಒಪ್ಪಿದ್ದು ಆ ಕಾಣದ ಕಣ್ಣಿನ ಸಾಕ್ಷಿಯಿಂದ. ಕ್ಷಣವನ್ನು ಕಾಣುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ಚಿತ್ರದ ನಿಜಕ್ಕೆ ಕುಂದಿಲ್ಲ.

ಬಿಡಲಾಗದ ಕೆಲಸ ಬೇರೊಂದಿದೆ. ಮೂಡಿಗೆರೆಯಲ್ಲಿ ನೆಲೆಸಿ ಹಕ್ಕಿಗಳ ಬೆನ್ನು ಹತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರ ಕಾಲದಲ್ಲಿ ಫಿಲ್ಮಿನ ಒಂದು ಸುರುಳಿಗೆ 36 ಚಿತ್ರ; ಇಂದಿನ ಕ್ಯಾಮರಾ ಅದನ್ನು ಎರಡು ಸೆಕೆಂಡಿನೊಳಗೆ ಮುಗಿಸುತ್ತಿತ್ತು. ಸುರುಳಿಯ ಬಡತನ ಕಾಯುವುದನ್ನು ಕಲಿಸುತ್ತಿತ್ತು. ಕಾಯುವವನಿಗೆ ಮೃಗ ಮೇಯುವುದು, ಕಿವಿ ನಿಮಿರಿಸುವುದು, ಮರಿಯತ್ತ ತಿರುಗುವುದು ಎಲ್ಲ ಕಾಣುತ್ತದೆ. ಅದು ಓಡಿದರೆ ಏಕೆ ಓಡಿತೆಂಬುದೂ ತಿಳಿದಿರುತ್ತದೆ. ಕಾಯಲಾರದವನಿಗೆ ಓಟ ಬೇಕು, ಈಗಲೇ ಬೇಕು. ಜೀಪನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಬಿಡು ಎನ್ನುತ್ತಾನೆ. ಮೃಗ ನೆಗೆಯುತ್ತದೆ, ಚಿತ್ರ ಸೊಗಸಾಗಿಯೇ ಬರುತ್ತದೆ. ಗಾಜಿನ ಕಿಂಡಿಯಾಗಲಿ ಪರದೆಯಾಗಲಿ ಆ ಜೀಪನ್ನು ತೋರಿಸುವುದಿಲ್ಲ, ಏಕೆಂದರೆ ಚಿತ್ರಕಾರ ಕುಳಿತಿರುವುದೇ ಅದರಲ್ಲಿ.