ರಾಶಿಯ ಕೆಳಗಿನ ತೇವ



ಮದೀನಾದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದನು. ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದ ಅವರು, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು.

ಮಾಸ್ತಿಕಟ್ಟೆಯವರಿಗೆ ಮಳೆ ಹೊಸತಲ್ಲ. ಅಡಿಕೆಗೆ, ಕಾಳುಮೆಣಸಿಗೆ ತೇವ ತಗಲುವುದು ತಪ್ಪಲ್ಲ. ಒಣಗಿದ್ದರ ಅಡಿಯಲ್ಲಿ ಅದನ್ನು ಮುಚ್ಚಿಡುವುದು ತಪ್ಪು. ಚೇಣಿ ಹಿಡಿಯುವವನು ಸಾಲದಲ್ಲಿರುವ ಬೆಳೆಗಾರನಿಂದ ಪೇಟೆಯ ಧಾರಣೆ ಮರೆಮಾಚುವುದೂ ಅದೇ ವಂಚನೆ. ತಮಗೆ ಪೂರ್ತಿ ಅಳೆದುಕೊಂಡು ಪರರಿಗೆ ಕಡಿಮೆ ಕೊಡುವವರ ಮೇಲಿನ ಎಚ್ಚರಿಕೆಯಿಂದಲೇ ಕುರ್‌ಆನಿನ 83ನೇ ಅಧ್ಯಾಯ ಆರಂಭವಾಗುತ್ತದೆ.

ಕೊಳ್ಳುವವರಿಗೂ ಹೊಣೆಯಿದೆ. ಎರಡು ರೂಪಾಯಿ ಹೆಚ್ಚಾದರೂ ಸರಿಯಾಗಿ ತೂಗುವ ಅಂಗಡಿಗೇ ಹೋಗಿರಿ. ಗಿರಾಕಿಯಿಲ್ಲದೆ ಪ್ರಾಮಾಣಿಕನು ಬಾಗಿಲು ಮುಚ್ಚಿದರೆ ನಾಳೆ ಅಲ್ಲಾಹನ ಮುಂದೆ ನಾವೂ ಉತ್ತರಿಸಬೇಕಾದೀತು.